ಚರ್ಮ ಕಸಿ: ತೆಳು ಪದರವೋ, ಪೂರ್ತಿ ಚರ್ಮವೋ, ಫ್ಲಾಪೋ? ಹಾಸನ, ಚಿಕ್ಕಮಗಳೂರು ಕಡೆಯ ಮನೆಯವರಿಗೆ

ನಮ್ಮ ಕಡೆ ಚರ್ಮ ಕಸಿಯ ತನಕ, ಅಂದರೆ ಮೈಯ ಬೇರೆ ಕಡೆಯ ಚರ್ಮ ತೆಗೆದು ಗಾಯಕ್ಕೆ ಹಾಕುವ ತನಕ, ಹೋಗುವ ಗಾಯಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಬಚ್ಚಲು ಹಂಡೆಯ ನೀರೋ, ಅಡಿಕೆ ಬೇಯಿಸುವ ನೀರೋ ಮೈಮೇಲೆ ಬಿದ್ದು ಆದ ಸುಟ್ಟಗಾಯ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ ಯಂತ್ರಕ್ಕೆ ಸಿಕ್ಕ ಕೈ. ಬೈಕಿನ ಹಿಂದಿನ ಚಕ್ರಕ್ಕೆ ಸಿಕ್ಕ ಮಗುವಿನ ಹಿಮ್ಮಡಿ. ಕೊಳಕುಮಂಡಲ ಕಚ್ಚಿ ಚರ್ಮ ಕೊಳೆತ ಕಾಲು. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು. ಡಾಕ್ಟರು ಆಪರೇಷನ್ ಅಂದ ದಿನ ಮನೆಯವರು ನಮ್ಮನ್ನು ಪಕ್ಕಕ್ಕೆ ಕರೆದು ಕೇಳುತ್ತಾರೆ: "ಯಾವುದು ಒಳ್ಳೇದು ಹೇಳಿ ಸಿಸ್ಟರ್, ಖರ್ಚಾದ್ರೂ ಅದನ್ನೇ ಮಾಡಿಸ್ತೀವಿ."

ನಾನು ಸರ್ಜರಿ ವಾರ್ಡಿನಲ್ಲಿ ಡ್ರೆಸ್ಸಿಂಗ್ ಮಾಡುವ ನರ್ಸ್. ಖರ್ಚು ಜಾಸ್ತಿ ಆದ ಕೂಡಲೇ ಅದು ನಿಮ್ಮ ಗಾಯಕ್ಕೆ ಒಳ್ಳೆಯದು ಅಂತ ಆಗುವುದಿಲ್ಲ. ಗಾಯದ ತಳದಲ್ಲಿ ಏನು ಕಾಣುತ್ತಿದೆ, ಗಾಯ ದೇಹದ ಯಾವ ಜಾಗದಲ್ಲಿದೆ, ಮನೆಗೆ ಹೋದ ಮೇಲೆ ವರ್ಷದ ತನಕ ನೋಡಿಕೊಳ್ಳುವವರು ಯಾರು? ಈ ಮೂರಕ್ಕೆ ಉತ್ತರ ಸಿಕ್ಕರೆ ಆಯ್ಕೆ ಬಹುಪಾಲು ಮುಗಿದ ಹಾಗೆ. ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಸಿ ಬೇಡ, ಹಾಗೇ ಮಾಯಲಿ ಅಂದರೆ?

ಇದೂ ಒಂದು ಆಯ್ಕೆಯೇ. ಒಂದು ರೂಪಾಯಿ ನಾಣ್ಯದಷ್ಟು ಗಾಯ, ತಳದಲ್ಲಿ ಕೆಂಪು ಮಾಂಸ ಬಂದಿದೆ, ಕೀಲಿನ ಮೇಲಿಲ್ಲ ಅಂದರೆ ಒಳ್ಳೆಯ ಡ್ರೆಸ್ಸಿಂಗಿನಲ್ಲೇ ಮಾಯಬಹುದು. ಮೇಲ್ಮೈ ಸುಟ್ಟಗಾಯಗಳೂ ಹಾಗೇ. ಆದರೆ ಸುಟ್ಟಗಾಯ ಮೂರು ವಾರದೊಳಗೆ ಮಾಯುವ ಲಕ್ಷಣ ಇಲ್ಲದಿದ್ದರೆ ಕಾಯಬೇಡಿ. ತಡವಾಗಿ ಮಾಯಿದ ಗಾಯ ದಪ್ಪ ಗಂಟಾಗುತ್ತದೆ, ತುರಿಸುತ್ತದೆ, ಸುತ್ತಲಿನ ಚರ್ಮವನ್ನು ಎಳೆಯುತ್ತದೆ. ಮೊಣಕೈ, ಕುತ್ತಿಗೆ, ಬೆರಳ ಸಂದು ಇಂಥ ಕಡೆ ಆ ಎಳೆತ ಕೀಲನ್ನೇ ಮಡಚಿಬಿಡುತ್ತದೆ. ಪೂರ್ತಿ ಆಳದವರೆಗೆ ಸುಟ್ಟಿದೆ ಅಂತ ಮೊದಲ ದಿನಗಳಲ್ಲೇ ಗೊತ್ತಾದರೆ ಅಷ್ಟು ವಾರ ಕಾಯುವ ಪ್ರಶ್ನೆಯೇ ಇಲ್ಲ. ಸತ್ತ ಚರ್ಮವನ್ನು ಬೇಗ ತೆಗೆದು ಬೇಗ ಕಸಿ ಮಾಡುವುದೇ ಈಗಿನ ಪದ್ಧತಿ.

"ಆಪರೇಷನ್ ಅಂದ್ರೆ ಭಯ, ಇನ್ನೊಂದೆರಡು ತಿಂಗಳು ನೋಡೋಣ" ಅನ್ನುವವರನ್ನು ಕಂಡರೆ ನನಗೆ ನಿಜವಾಗಿ ಸಂಕಟವಾಗುತ್ತದೆ. ಆ ಎರಡು ತಿಂಗಳಲ್ಲಿ ಕೈ ಮಡಚಿಕೊಂಡರೆ ಆಮೇಲೆ ಅದನ್ನು ಬಿಡಿಸಲಿಕ್ಕೆ ಇನ್ನೊಂದು ದೊಡ್ಡ ಆಪರೇಷನ್ ಬೇಕು.

ತೆಳು ಪದರದ ಕಸಿ

ನಮ್ಮಲ್ಲಿ ಜಾಸ್ತಿ ಆಗುವುದು ಇದೇ. "ತೊಡೆ ಚರ್ಮ ತೆಗೆದು ಹಾಕ್ತಾರೆ" ಅಂತ ಜನ ಹೇಳುವುದೂ ಇದನ್ನೇ. ಚರ್ಮದ ಮೇಲಿನ ಪದರ ಮತ್ತು ಒಳಚರ್ಮದ ಒಂದು ಭಾಗವನ್ನು ಮಾತ್ರ ಕೆರೆದ ಹಾಗೆ ತೆಗೆಯುತ್ತಾರೆ. ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಎಷ್ಟೋ ಸಲ ಅದಕ್ಕಿಂತ ಕಡಿಮೆ. ಒಳಚರ್ಮದ ಕೆಳಭಾಗ, ಕೂದಲ ಬೇರು ಅಲ್ಲೇ ಉಳಿಯುವುದರಿಂದ ತೊಡೆಯ ಆ ಜಾಗ ಹೊಲಿಗೆ ಇಲ್ಲದೆ ತಾನೇ ಮಾಯುತ್ತದೆ. ಸಾಮಾನ್ಯವಾಗಿ ಎರಡು ವಾರ ಸಾಕು.

ಇದರ ದೊಡ್ಡ ಗುಣ ಅಂದರೆ ತುಂಬಾ ದೊಡ್ಡ ಗಾಯವನ್ನೂ ಮುಚ್ಚಬಹುದು. ತೆಳುವಾಗಿರುವುದರಿಂದ ಬೇಗ ಹಿಡಿಯುತ್ತದೆ, ತಳ ಅಷ್ಟೇನೂ ಚೆನ್ನಾಗಿಲ್ಲದಿದ್ದರೂ ಬದುಕುತ್ತದೆ. ದೊಡ್ಡ ಸುಟ್ಟಗಾಯ, ಹಾವು ಕಚ್ಚಿದ ಕಾಲು, ಮೊಣಕಾಲ ಕೆಳಗಿನ ಅಗಲವಾದ ಹುಣ್ಣು ಇವಕ್ಕೆಲ್ಲ ಇದೇ ಸರಿ.

ಕೊರತೆಯೂ ತೆಳುವಾಗಿರುವುದರಿಂದಲೇ ಬರುತ್ತದೆ. ಮಾಯಿದ ಮೇಲೆ ಇದು ಕುಗ್ಗುತ್ತದೆ. ಬಣ್ಣ ಹೊಂದುವುದಿಲ್ಲ, ಹೊಳೆಯುವ ತೇಪೆಯ ಹಾಗೆ ಕಾಣುತ್ತದೆ. ಬೆವರು ಮತ್ತು ಎಣ್ಣೆಯ ಗ್ರಂಥಿಗಳು ಇಲ್ಲದ್ದರಿಂದ ಒಣಗಿ ಬಿರಿಯುತ್ತದೆ. ಹಾಗಾಗಿ ಮುಖಕ್ಕೆ ಮತ್ತು ಮಕ್ಕಳ ಅಂಗೈಗೆ ಇದು ಮೊದಲ ಆಯ್ಕೆ ಆಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಗುವಿನ ಕೈ ಬೆಳೆಯುತ್ತದೆ, ತೆಳು ಕಸಿ ಅದರ ಜೊತೆ ಅಷ್ಟು ಬೆಳೆಯುವುದಿಲ್ಲ, ಬೆರಳು ಒಳಕ್ಕೆ ಬಾಗುತ್ತದೆ.

ಇದರಲ್ಲೇ ಎರಡು ಬಗೆ. ತೆಗೆದ ಚರ್ಮವನ್ನು ಹಾಳೆಯ ಹಾಗೆ ಇಡೀ ಇಡಬಹುದು. ಇಲ್ಲವೇ ಒಂದು ಯಂತ್ರದಲ್ಲಿ ಹಾಯಿಸಿ ಬಲೆಯ ಹಾಗೆ ತೂತು ಮಾಡಿ ಹಿಗ್ಗಿಸಬಹುದು, ಇದಕ್ಕೆ ಮೆಶ್ ಅನ್ನುತ್ತಾರೆ. ಒಂದಕ್ಕೆ ಒಂದೂವರೆ ಪಟ್ಟು ಹಿಗ್ಗಿಸುವುದು ಸಾಮಾನ್ಯ, ತುಂಬಾ ಸುಟ್ಟಿದ್ದರೆ ಮೂರು ಪಟ್ಟು. ಕಡಿಮೆ ಚರ್ಮದಲ್ಲಿ ಜಾಸ್ತಿ ಜಾಗ ಮುಚ್ಚುತ್ತದೆ, ಅಡಿಯಲ್ಲಿ ಸೇರುವ ರಕ್ತ ಮತ್ತು ನೀರು ಆ ತೂತುಗಳಿಂದ ಹೊರಗೆ ಬರುತ್ತದೆ. ಆದರೆ ಬಲೆಯ ಗುರುತು ಕೊನೆಯ ತನಕ ಉಳಿಯುತ್ತದೆ. ಬೆನ್ನು, ತೊಡೆ, ಹೊಟ್ಟೆಗೆ ಮೆಶ್ ಆದರೆ ಏನೂ ತೊಂದರೆಯಿಲ್ಲ. ಕೈಯ ಮೇಲ್ಭಾಗ, ಕುತ್ತಿಗೆ, ಮುಖಕ್ಕೆ ಇಡೀ ಹಾಳೆ ಹಾಕಲು ಆಗುತ್ತದೆಯೇ ಅಂತ ಮೊದಲೇ ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಪೂರ್ತಿ ದಪ್ಪದ ಕಸಿ

ಇಲ್ಲಿ ಒಳಚರ್ಮವನ್ನು ಪೂರ್ತಿ ತೆಗೆಯುತ್ತಾರೆ. ತೆಗೆದ ಜಾಗ ತಾನೇ ಮಾಯುವುದಿಲ್ಲ, ಹೊಲಿಗೆ ಹಾಕಬೇಕು. ಅದಕ್ಕೇ ಚಿಕ್ಕ ತುಂಡು ಮಾತ್ರ ಸಿಗುತ್ತದೆ. ಕಿವಿಯ ಹಿಂದೆ, ಕುತ್ತಿಗೆಯ ಕೆಳಗಿನ ಮೂಳೆಯ ಮೇಲೆ, ತೋಳಿನ ಒಳಭಾಗ, ತೊಡೆಸಂದು ಇವು ತೆಗೆಯುವ ಜಾಗಗಳು. ಚರ್ಮ ಸಡಿಲವಾಗಿದ್ದು, ಗುರುತು ಮಡಿಕೆಯಲ್ಲಿ ಮುಚ್ಚಿಹೋಗುವ ಕಡೆಗಳು.

ಮುಖದ ಚಿಕ್ಕ ಗಾಯ, ಕಣ್ಣಿನ ರೆಪ್ಪೆ, ಅಂಗೈ, ಬೆರಳಿಗೆ ಇದು ತೆಳು ಕಸಿಗಿಂತ ಎಷ್ಟೋ ಮೇಲು. ಆಮೇಲೆ ಕುಗ್ಗುವುದು ಕಡಿಮೆ, ಬಣ್ಣ ಹತ್ತಿರ ಬರುತ್ತದೆ, ಮಗುವಿನ ಜೊತೆ ಬೆಳೆಯುತ್ತದೆ. ಮುಖಕ್ಕೆ ಕಿವಿಯ ಹಿಂದಿನ ಅಥವಾ ಕುತ್ತಿಗೆಯ ಬುಡದ ಚರ್ಮ ಹೊಂದುತ್ತದೆ. ತೊಡೆಯ ಚರ್ಮ ಮುಖದ ಮೇಲೆ ಬೇರೆಯಾಗೇ ಕಾಣುತ್ತದೆ. ತೊಡೆಸಂದಿನ ಚರ್ಮ ಹಾಕಿದರೆ ದೊಡ್ಡವರಾದ ಮೇಲೆ ಅಲ್ಲಿ ಕೂದಲು ಬರಬಹುದು. ಮಕ್ಕಳ ಅಪ್ಪ ಅಮ್ಮ ಇದನ್ನು ಡಾಕ್ಟರ ಹತ್ತಿರ ನೆನಪಿಸಿ. ಕೂದಲು ಬರದ ಪಕ್ಕದ ಭಾಗದಿಂದ ತೆಗೆಯಲು ಸಾಧ್ಯವಿದೆ.

ದಪ್ಪವಾಗಿರುವುದರಿಂದ ಇದು ಹಿಡಿಯುವುದು ಸ್ವಲ್ಪ ಕಷ್ಟ. ತಳ ಶುದ್ಧವಾಗಿರಬೇಕು, ರಕ್ತ ಚೆನ್ನಾಗಿ ಹರಿಯುತ್ತಿರಬೇಕು. ಬೀಡಿ ಸೇದುವವರಲ್ಲಿ ಇದು ಹೋಗುವ ಸಂಭವ ಜಾಸ್ತಿ.

ಫ್ಲಾಪ್

ಮೇಲಿನ ಎರಡಕ್ಕೂ ಒಂದು ಷರತ್ತಿದೆ. ಗಾಯದ ತಳದಲ್ಲಿ ರಕ್ತ ಇರಬೇಕು. ಕಸಿಯ ಚರ್ಮಕ್ಕೆ ತನ್ನದೇ ರಕ್ತನಾಳ ಇರುವುದಿಲ್ಲ. ಮೊದಲ ಒಂದೆರಡು ದಿನ ಅದು ತಳದಿಂದ ಒಸರುವ ನೀರನ್ನು ಹೀರಿ ಬದುಕುತ್ತದೆ. ಆಮೇಲೆ ಎರಡೂ ಕಡೆಯ ಸಣ್ಣ ನಾಳಗಳ ಬಾಯಿ ಸೇರುತ್ತದೆ. ಐದನೇ ದಿನದ ಹೊತ್ತಿಗೆ ರಕ್ತ ಓಡಾಡುತ್ತದೆ. ಪೊರೆ ಕಳೆದುಕೊಂಡ ಬರಿ ಮೂಳೆ, ಬರಿ ಸ್ನಾಯುರಜ್ಜು, ಒಳಗೆ ಹಾಕಿದ ರಾಡ್ ಅಥವಾ ಪ್ಲೇಟು ಕಾಣುತ್ತಿದ್ದರೆ ಅದರ ಮೇಲೆ ಕಸಿ ಹಿಡಿಯುವುದೇ ಇಲ್ಲ. ಅಲ್ಲಿ ಫ್ಲಾಪ್ ಬೇಕು. ಅಂದರೆ ಚರ್ಮ, ಅದರಡಿಯ ಕೊಬ್ಬು, ಕೆಲವು ಸಲ ಸ್ನಾಯು ಎಲ್ಲವೂ ತಮ್ಮ ರಕ್ತನಾಳದ ಸಮೇತ ಬರಬೇಕು. ಕಾಫಿ ಗಿಡವನ್ನು ಬರಿಬೇರಿನಲ್ಲಿ ಕಿತ್ತು ನೆಡುವುದಕ್ಕೂ ಮಣ್ಣಿನ ಹೆಂಟೆ ಸಮೇತ ನೆಡುವುದಕ್ಕೂ ಇರುವ ವ್ಯತ್ಯಾಸ ತೋಟದವರಿಗೆ ಗೊತ್ತು, ಇದೂ ಅಷ್ಟೇ.

ನಮ್ಮ ದೇಶಕ್ಕೆ ಇದು ಹೊಸದಲ್ಲ. ಸುಶ್ರುತನ ಕಾಲದಿಂದ ಮೂಗು ಕಟ್ಟುವ ವಿದ್ಯೆ ಇದೆ. 1792ರ ಯುದ್ಧದಲ್ಲಿ ಟಿಪ್ಪುವಿನ ಸೈನ್ಯದ ಕೈಗೆ ಸಿಕ್ಕ, ಇಂಗ್ಲಿಷರ ಪಡೆಯ ಗಾಡಿ ಹೊಡೆಯುವವನೊಬ್ಬನ ಮೂಗು ಕೊಯ್ದಿದ್ದರು. ಪುಣೆಯ ಕಡೆ ಅವನಿಗೆ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಕಟ್ಟಿದರು. 1794ರಲ್ಲಿ ಅದು ಲಂಡನ್ನಿನ ಪತ್ರಿಕೆಯಲ್ಲಿ ಚಿತ್ರ ಸಮೇತ ಬಂತು. ಹಣೆಯ ಫ್ಲಾಪ್ ಇವತ್ತಿಗೂ ಮೂಗಿಗೆ ಬಳಕೆಯಲ್ಲಿದೆ.

ಪಲ್ಪರ್‌ಗೆ ಸಿಕ್ಕ ಕೈಗೆ ಎಷ್ಟೋ ಸಲ ತೊಡೆಸಂದಿನ ಫ್ಲಾಪ್ ಮಾಡುತ್ತಾರೆ. ಇದನ್ನು ನೋಡಿ ಮನೆಯವರು ಹೆದರುತ್ತಾರೆ, ಅದಕ್ಕೆ ಮುಂಚೆಯೇ ಹೇಳಿಬಿಡುತ್ತೇನೆ. ಕೈಯನ್ನು ತೊಡೆಸಂದಿನ ಚರ್ಮಕ್ಕೆ ಹೊಲಿದು, ಮೂರು ವಾರದ ಹೊತ್ತು ಹಾಗೇ ಬಿಟ್ಟು, ಆಮೇಲೆ ಬೇರ್ಪಡಿಸುತ್ತಾರೆ. ಆ ಮೂರು ವಾರ ರೋಗಿಗೆ ಊಟ, ಶೌಚ, ಬಟ್ಟೆ ಎಲ್ಲಕ್ಕೂ ಇನ್ನೊಬ್ಬರು ಬೇಕು. ನಿದ್ದೆಯಲ್ಲಿ ಕೈ ಎಳೆದುಕೊಂಡರೆ ಕೆಲಸವೆಲ್ಲ ಹಾಳು. ಭುಜ ಬಿಗಿಯದ ಹಾಗೆ ದಿನಾ ಹೇಳಿಕೊಟ್ಟ ವ್ಯಾಯಾಮ ಮಾಡಿಸಬೇಕು. ಒಬ್ಬರು ಪೂರ್ತಿ ಬಿಡುವು ಮಾಡಿಕೊಂಡು ಜೊತೆಗಿರಬೇಕು ಅಂತ ಮೊದಲೇ ಗೊತ್ತಿದ್ದರೆ ಇದು ತುಂಬಾ ನಂಬಿಕೆಯ ದಾರಿ.

ಇನ್ನೊಂದು ಬಗೆ ಫ್ರೀ ಫ್ಲಾಪ್. ದೂರದ ಜಾಗದಿಂದ ತುಂಡನ್ನು ಪೂರ್ತಿ ಬಿಡಿಸಿ, ಸೂಕ್ಷ್ಮದರ್ಶಕದ ಅಡಿಯಲ್ಲಿ ರಕ್ತನಾಳಗಳನ್ನು ಹೊಲಿದು ಸೇರಿಸುವುದು. ಗಂಟೆಗಟ್ಟಲೆಯ ಆಪರೇಷನ್, ಆಮೇಲೆ ಗಂಟೆ ಗಂಟೆಗೂ ಬಣ್ಣ ಮತ್ತು ಬಿಸಿ ನೋಡಬೇಕು. ಇದಕ್ಕೆ ಮೈಕ್ರೋಸರ್ಜರಿ ತಂಡ ಇರುವ ದೊಡ್ಡ ಆಸ್ಪತ್ರೆಯೇ ಬೇಕು.

"ನನ್ನ ಚರ್ಮ ತಗೊಂಡು ಅವಳಿಗೆ ಹಾಕಿ"

ಹೆಂಡತಿ ಸುಟ್ಟುಕೊಂಡಾಗ ಗಂಡ, ಮಗು ಸುಟ್ಟುಕೊಂಡಾಗ ತಾಯಿ ಹೀಗೆ ಕೇಳುತ್ತಾರೆ. ಆ ಪ್ರೀತಿಗೆ ಇಲ್ಲ ಅನ್ನುವುದು ಕಷ್ಟ. ಆದರೆ ಬೇರೆಯವರ ಚರ್ಮ ಕೆಲವು ವಾರ ಮಾತ್ರ ಇರುತ್ತದೆ, ಆಮೇಲೆ ದೇಹ ಅದನ್ನು ತಳ್ಳಿಹಾಕುತ್ತದೆ. ಒಂದೇ ರೂಪದ ಅವಳಿ ಇದ್ದರೆ ಮಾತ್ರ ಮಾತು ಬೇರೆ. ಶಾಶ್ವತವಾಗಿ ಉಳಿಯುವುದು ರೋಗಿಯ ಸ್ವಂತ ಚರ್ಮವೇ.

ತುಂಬಾ ಸುಟ್ಟಿದ್ದು ತೆಗೆಯಲು ಸ್ವಂತ ಚರ್ಮ ಸಾಲದಿದ್ದಾಗ ಆ ಕೆಲವು ವಾರವೇ ಜೀವ ಉಳಿಸುತ್ತದೆ. ಅದಕ್ಕೇ ಸ್ಕಿನ್ ಬ್ಯಾಂಕ್ ಇರುವುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಒಂದಿದೆ. ತೀರಿಕೊಂಡವರ ಚರ್ಮವನ್ನು ಆರು ಗಂಟೆಯೊಳಗೆ ದಾನ ಕೊಡಬಹುದು. ತೆಳು ಪದರ ಮಾತ್ರ ತೆಗೆಯುತ್ತಾರೆ, ದೇಹ ವಿಕಾರವಾಗುವುದಿಲ್ಲ. ನೇತ್ರದಾನದ ಬಗ್ಗೆ ಮಾತಾಡುವ ಮನೆಗಳಲ್ಲಿ ಇದರ ಮಾತೂ ಬರಲಿ ಅಂತ ನನ್ನ ಆಸೆ.

ಕೊಲಾಜನ್ ಹಾಳೆಯನ್ನು ಕೆಲವರು "ಕೃತಕ ಚರ್ಮ" ಅಂದುಕೊಳ್ಳುತ್ತಾರೆ. ಮೇಲ್ಮೈ ಸುಟ್ಟಗಾಯಕ್ಕೆ ಅದು ಒಳ್ಳೆಯ ಹೊದಿಕೆ, ನೋವು ಕಡಿಮೆ ಮಾಡುತ್ತದೆ. ಆಳದ ಗಾಯದಲ್ಲಿ ಅದು ಕಸಿಯ ಜಾಗ ತುಂಬುವುದಿಲ್ಲ. ಸಾಮಾನ್ಯವಾಗಿ ಪ್ರಾಣಿ ಮೂಲದ್ದು, ಮನೆಯಲ್ಲಿ ಆಕ್ಷೇಪ ಇದ್ದರೆ ಮೊದಲೇ ಹೇಳಿ.

ಹತ್ತಿರದಲ್ಲೋ, ದೂರದಲ್ಲೋ?

ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಚಿಕ್ಕಮಗಳೂರಿಗೂ ಈಗ ವೈದ್ಯಕೀಯ ಕಾಲೇಜು ಬಂದಿದೆ. ಅದರಾಚೆಗೆ ಮೈಸೂರು, ಮಣಿಪಾಲ, ಮಂಗಳೂರು, ಬೆಂಗಳೂರು. ನನ್ನ ಮಾತು ಇಷ್ಟು. ಕಾಲು, ತೊಡೆ, ಬೆನ್ನಿನ ಗಾಯ, ಕೆಂಪು ಮಾಂಸ ಚೆನ್ನಾಗಿ ಬಂದಿದೆ, ತೆಳು ಕಸಿ ಸಾಕು ಅಂದರೆ ಮನೆಗೆ ಹತ್ತಿರ ಮಾಡಿಸಿ. ಪದೇ ಪದೇ ಡ್ರೆಸ್ಸಿಂಗಿಗೆ ಬರಬೇಕು, ಮೂಡಿಗೆರೆ ಕಡೆಯಿಂದ ಮಳೆಗಾಲದಲ್ಲಿ ಚಾರ್ಮಾಡಿ ಘಾಟಿ ಇಳಿದು ಹತ್ತಿ ಓಡಾಡುವುದು ಹೊಸ ಕಸಿಗೂ ಕಷ್ಟ, ಮನೆಯವರಿಗೂ ಕಷ್ಟ. ಮುಖ, ಕೈ, ಕುತ್ತಿಗೆ, ಕೀಲು, ಮೂಳೆ ಕಾಣುವ ಗಾಯ ಆದರೆ ದೂರವಾದರೂ ಪ್ಲಾಸ್ಟಿಕ್ ಸರ್ಜನ್ ಹತ್ತಿರವೇ ಹೋಗಿ.

ದುಡ್ಡಿನ ವಿಷಯ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇಕಡ 30 ಸಿಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗಲು ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುರ್ತು ಇದ್ದರೆ ಬೇಡ. ದಾಖಲಾಗುವ ಮುಂಚೆಯೇ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಭೇಟಿ ಮಾಡಿ, ರೇಷನ್ ಕಾರ್ಡು, ಆಧಾರ್ ಜೊತೆಗಿರಲಿ.

ಆರೈಕೆ: ನಿಜವಾದ ವ್ಯತ್ಯಾಸ ಇಲ್ಲಿದೆ

ಕಸಿ ಹೋಗುವುದು ಮುಖ್ಯವಾಗಿ ಮೂರು ಕಾರಣಕ್ಕೆ. ಅಡಿಯಲ್ಲಿ ರಕ್ತ ಅಥವಾ ನೀರು ಸೇರಿ ಚರ್ಮವನ್ನು ತಳದಿಂದ ಎತ್ತುತ್ತದೆ, ಸೋಂಕು ತಗಲುತ್ತದೆ, ಇಲ್ಲವೇ ಕಸಿ ಅಲುಗಾಡುತ್ತದೆ. ಸೋಂಕನ್ನು ಡಾಕ್ಟರು ನೋಡಿಕೊಳ್ಳುತ್ತಾರೆ. ಅಲುಗಾಡದೆ ಇರುವುದು ಪೂರ್ತಿ ನಿಮ್ಮ ಕೈಯಲ್ಲಿದೆ. ಮೊದಲ ಐದು ದಿನ ಆ ಕೈಕಾಲು ಅಲ್ಲಾಡಬಾರದು. ಪಟ್ಟಿಯನ್ನು ಸುಮ್ನೆ ಬಿಚ್ಚಿ ನೋಡಬೇಡಿ. ಕಾಲಿನ ಕಸಿ ಆದರೆ ದಿಂಬಿನ ಮೇಲೆ ಎತ್ತರಕ್ಕೆ ಇಡಿ. ಆಮೇಲೆ ನಡೆಯಲು ಬಿಟ್ಟಾಗಲೂ ಕ್ರೇಪ್ ಬ್ಯಾಂಡೇಜ್ ಸುತ್ತಿಯೇ ಕಾಲು ಕೆಳಗಿಡಬೇಕು. ಬಸ್ಸಿನಲ್ಲಿ ಗಂಟೆಗಟ್ಟಲೆ ಕಾಲು ಇಳಿಬಿಟ್ಟು ಕೂತರೆ ರಕ್ತ ಕೆಳಗೆ ನಿಂತು ಹೊಸ ಚರ್ಮ ಊದುತ್ತದೆ, ಗುಳ್ಳೆ ಏಳುತ್ತದೆ.

ಮೊದಲ ಸಲ ಪಟ್ಟಿ ಬಿಚ್ಚಿದಾಗ ಗುಲಾಬಿ ಅಥವಾ ನೇರಳೆ ಕಂಡರೆ ಹಿಡಿದಿದೆ ಅಂತ ಅರ್ಥ. ಮೇಲಿನ ತೆಳು ಪೊರೆ ಸುಲಿದು ಅಡಿಯಲ್ಲಿ ಗುಲಾಬಿ ಇದ್ದರೆ ಹೆದರಬೇಡಿ. ಕಪ್ಪಾಗಿ ಗಟ್ಟಿಯಾದರೆ ಆ ಭಾಗ ಹೋಗಿದೆ. ಸ್ವಲ್ಪ ಭಾಗ ಹೋದರೆ ಡ್ರೆಸ್ಸಿಂಗಿನಲ್ಲೇ ಮಾಯುವುದೂ ಉಂಟು.

ಚರ್ಮ ತೆಗೆದ ತೊಡೆಯ ನೋವು ಎಷ್ಟೋ ಸಲ ಗಾಯದ ನೋವಿಗಿಂತ ಜಾಸ್ತಿ ಇರುತ್ತದೆ. ಇದನ್ನು ಯಾರೂ ಮೊದಲೇ ಹೇಳದಿರುವುದರಿಂದ ಜನ ಏನೋ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಲ್ಲಿಯ ಪಟ್ಟಿಯನ್ನು ಹತ್ತರಿಂದ ಹದಿನಾಲ್ಕು ದಿನ ಮುಟ್ಟುವುದಿಲ್ಲ. ಒಣಗಿ ಅಂಟಿಕೊಂಡಿದ್ದರೆ ಎಳೆಯಬೇಡಿ, ಅಡಿಯಲ್ಲಿ ಮಾಯಿದ ಹಾಗೆ ತಾನೇ ಬಿಡುತ್ತದೆ. ಕೆಟ್ಟ ವಾಸನೆ, ಹಸಿರು ಒಸರು, ಜ್ವರ, ದಿನದಿಂದ ದಿನಕ್ಕೆ ಏರುವ ನೋವು ಇದ್ದರೆ ಮಾತ್ರ ಕೂಡಲೇ ಬನ್ನಿ. ಮಲೆನಾಡಿನ ಮಳೆಗಾಲದಲ್ಲಿ ಪಟ್ಟಿ ತೇವ ಹಿಡಿಯುವುದು ದೊಡ್ಡ ತಲೆನೋವು. ತೇವವಾದರೆ ಬದಲಿಸಲೇಬೇಕು, ಒಲೆಯ ಮುಂದೆ ಕೂತು ಒಣಗಿಸಬೇಡಿ.

ಊಟದ ವಿಷಯದಲ್ಲಿ ನಾನು ಅಜ್ಜಿಯರ ಜೊತೆ ದಿನಾ ವಾದ ಮಾಡುತ್ತೇನೆ. ಮೊಟ್ಟೆ ನಂಜು, ಬೇಳೆ ನಂಜು, ಮೀನು ನಂಜು ಅಂತ ಬರೀ ಗಂಜಿ ಕೊಡುತ್ತಾರೆ. ಹೊಸ ಚರ್ಮ ಹಿಡಿಯಲು ಪ್ರೋಟೀನ್ ಬೇಕೇ ಬೇಕು. ಮೊಟ್ಟೆ, ಹಾಲು, ಬೇಳೆ, ಹೆಸರುಕಾಳು, ಅವರೆಕಾಳು, ಮೀನು, ಯಾವುದು ಒಗ್ಗುತ್ತದೋ ಅದನ್ನು ಧಾರಾಳವಾಗಿ ಕೊಡಿ. ಮೂತ್ರಪಿಂಡದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ. ಸಕ್ಕರೆ ಹಿಡಿತದಲ್ಲಿರಲಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಮೂರೂ ಬಿಡಬೇಕು, ನಿಕೋಟಿನ್ ರಕ್ತನಾಳವನ್ನು ಬಿಗಿ ಮಾಡುತ್ತದೆ. ಹೊಗೆ ಬರದ ಹೊಗೆಸೊಪ್ಪಿನಿಂದ ತೊಂದರೆಯಿಲ್ಲ ಅನ್ನುವುದು ಸುಳ್ಳು.

ಪೂರ್ತಿ ಮಾಯಿದ ಮೇಲೆ ದಿನಕ್ಕೆ ಮೂರು ನಾಲ್ಕು ಸಲ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಮೆತ್ತಗೆ ಉಜ್ಜಿ. ಬಿಸಿಲಿಗೆ ಬಟ್ಟೆ ಮುಚ್ಚಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಒತ್ತಡದ ಬಿಗಿ ಉಡುಪು ಕೊಟ್ಟಿದ್ದರೆ ದಿನದ 23 ಗಂಟೆ ಹಾಕಬೇಕು, ಅದೂ ತಿಂಗಳುಗಟ್ಟಲೆ. ಸಡಿಲವಾದರೆ ಹೊಸದು ಹೊಲಿಸಬೇಕು. ಬೇಸಿಗೆಯಲ್ಲಿ ಇದು ಹಿಂಸೆ, ಗೊತ್ತು. ಆದರೂ ತೆಗೆಯಬೇಡಿ.

ಕಸಿ ಮಾಡಿದ ಜಾಗಕ್ಕೆ ಸ್ಪರ್ಶ ಕಡಿಮೆ. ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕಾಲು ಕಾಯಿಸುತ್ತಾ ಕೂತು, ಸುಡುತ್ತಿರುವುದೇ ತಿಳಿಯದೆ ಮತ್ತೆ ಸುಟ್ಟುಕೊಂಡು ಬರುವವರಿದ್ದಾರೆ. ಬೂಟು ಉಜ್ಜಿ ಆದ ಗುಳ್ಳೆಯೂ ತಿಳಿಯುವುದಿಲ್ಲ, ಇಂಬಳ (ಜಿಗಣೆ) ಕಚ್ಚಿದ್ದೂ ತಿಳಿಯುವುದಿಲ್ಲ. ತೋಟದಿಂದ ಬಂದ ಕೂಡಲೇ ಕಾಲನ್ನು ಕಣ್ಣಿಂದ ನೋಡಿ. ಸ್ನಾನದ ನೀರಿನ ಬಿಸಿಯನ್ನು ಬೇರೆ ಕೈಯಿಂದ ನೋಡಿ.

ಹಳೆಯ ಗಾಯ ಆಗಲೇ ಎಳೆದುಕೊಂಡಿದ್ದರೆ

ಚಿಕ್ಕಂದಿನಲ್ಲಿ ಸುಟ್ಟು ಗದ್ದ ಎದೆಗೆ ಅಂಟಿಕೊಂಡವರು, ಬೆರಳು ಅಂಗೈಗೆ ಸೇರಿಕೊಂಡವರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. "ಇನ್ನೇನು ಆಗಲ್ಲ ಬಿಡಿ" ಅಂತ ಸುಮ್ಮನಾಗಿದ್ದಾರೆ. ಎಷ್ಟೋ ವರ್ಷದ ಮೇಲೂ ಆ ಎಳೆತವನ್ನು ಕತ್ತರಿಸಿ ಬಿಡಿಸಿ, ಅಲ್ಲಿ ಕಸಿಯನ್ನೋ ಫ್ಲಾಪನ್ನೋ ಹಾಕಬಹುದು. ಕುತ್ತಿಗೆಗೆ ತೆಳು ಪದರದ ಕಸಿಯನ್ನೇ ಸ್ವಲ್ಪ ದಪ್ಪವಾಗಿ ತೆಗೆದು ಹಾಕಿದರೆ ಕಾಲರ್ ಹಾಗಿರುವ ಪಟ್ಟಿಯನ್ನು ತಿಂಗಳುಗಟ್ಟಲೆ ಧರಿಸಬೇಕು. ಅದು ಆಗುವುದಿಲ್ಲ ಅನ್ನುವವರಿಗೆ, ಸುತ್ತಲೂ ಒಳ್ಳೆಯ ಚರ್ಮ ಉಳಿದಿದ್ದರೆ, ಫ್ಲಾಪ್ ಮೇಲು, ಅದು ಅಷ್ಟು ಕುಗ್ಗುವುದಿಲ್ಲ. ಮಕ್ಕಳಾಗಿದ್ದರೆ ಬೆಳೆಯುತ್ತಾ ಇನ್ನೊಮ್ಮೆ ಬಿಡಿಸಬೇಕಾಗಬಹುದು, ಅದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಹಳೆಯ ಚೀಟಿಗಳಿದ್ದರೆ ತನ್ನಿ, ಇಲ್ಲದಿದ್ದರೂ ಬನ್ನಿ. ಆ ಹಳೆಯ ಗುರುತಿನ ಮೇಲೆ ಮಾಯದ ಹುಣ್ಣೊಂದು ಎದ್ದಿದ್ದರೆ ಮಾತ್ರ ಈ ವಾರವೇ ಬನ್ನಿ, ವರ್ಷಗಳ ಹಿಂದಿನ ಸುಟ್ಟ ಕಲೆಯಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಹುಟ್ಟುವುದುಂಟು, ಚೂರು ತೆಗೆದು ಪರೀಕ್ಷೆ ಮಾಡಬೇಕು.